ಗುಂಡಮ್ಮನ ಮಜ್ಜಿಗೆ ಅನ್ನ

ಶಿರೂರ ಅನಂತಪಾಳದಲ್ಲಿ ಮಠದ ಸೊಸೆ ಇಂದುಬಾಯಿಯ ಭಕ್ತಿಯನ್ನು ಊರವರು ಬಾಯಿತುಂಬ ಹೊಗಳುತ್ತಿದ್ದರು. ಕೋಳಿ ಕೂಗುವ ಮೊದಲೇ ಹಳ್ಳಕ್ಕೆ ಹೋಗಿ ಜಳಕ ಮಾಡಿ, ತುಂಬಿದ ಕೊಡ ಹೊತ್ತು ಬರುತ್ತಾಳೆ, ಇಂಥ ಸೊಸೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಹೆಂಗಸರು ತಮ್ಮ ತಮ್ಮ ಸೊಸೆಯಂದಿರ ಕಿವಿಗೆ ಬೀಳುವಂತೆ ಹೇಳುತ್ತಿದ್ದರು. ಭಕ್ತಿಯೂ ಇಲ್ಲ, ಗಿಕ್ತಿಯೂ ಇಲ್ಲ. ಆಕೆ ಗಂಡನ ಧೋತರ ತೊಳೆಯಲು ಹೋಗುತ್ತಿದ್ದಳು. ಧೋತರದ ಹಿಂಬದಿಗೆ ರಕ್ತ ಹತ್ತಿರುತ್ತಿತ್ತು. ಬೆಳಕು ಹರಿದರೆ ನಾಲ್ಕು ಕಣ್ಣು ನೋಡುತ್ತವೆ, ನಾಲ್ಕು ಕಣ್ಣು ನೋಡಿದರೆ ನಲವತ್ತು ಬಾಯಿ ಆಡುತ್ತವೆ.

ಗಂಡ ಮಹಾದೇವಯ್ಯನಿಗೆ ಮೂವತ್ತೆರಡು ವರ್ಷ. ಮೂರು ವರ್ಷದಿಂದ ಅವನ ಹೊಟ್ಟೆ ಕೆಟ್ಟಿತ್ತು. ದಿನಕ್ಕೆ ಎಂಟು ಸಲ, ಹತ್ತು ಸಲ ತಂಬಿಗೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದ. ಒಂದೆರಡು ತಿಂಗಳು ತಾನಾಗಿ ನಿಲ್ಲುತ್ತಿತ್ತು, ಹೋಯಿತು ಪೀಡೆ ಎನ್ನುವಷ್ಟರಲ್ಲಿ ಮತ್ತೆ ಹಿಡಿಯುತ್ತಿತ್ತು. ರಕ್ತ ಮೊದಲ ಸಲ ಕಂಡ ದಿನವೇ ಮಾವ ರೇವಣಸಿದ್ಧಯ್ಯ ಸೊಸೆಯನ್ನು ಕರೆದು, ಕೊರಳಲ್ಲಿಯ ಲಿಂಗದ ಮೇಲೆ ಕೈ ಇಡಿಸಿ, ಹೊಟ್ಟೆಯ ಮಾತು ಹೊಸ್ತಿಲು ದಾಟಬಾರದು ಎಂದು ಆಣೆ ಹಾಕಿಸಿದ್ದರು.

ಅವರ ಹೆದರಿಕೆಗೂ ಕಾರಣವಿತ್ತು. ಮಠ ಎಂದರೆ ಮೂರು ಅಂಕಣದ ಮಣ್ಣಿನ ಮನೆ, ಒಂದು ಎಮ್ಮೆ, ಅಷ್ಟೆ. ಊರಿನ ಲಿಂಗವಂತ ಒಕ್ಕಲು ಮನೆಗಳಿಗೆ ಇವರು ತಲೆತಲಾಂತರದ ಗುರುಗಳು. ಹುಟ್ಟಿದಾಗ ಲಿಂಗ ಕಟ್ಟುವವರು ಇವರು, ಸತ್ತಾಗ ಕುಣಿಯಲ್ಲಿ ಕೂಡಿಸುವವರು ಇವರು. ಶ್ರಾವಣ ಬಂತೆಂದರೆ ಮನೆಮನೆಯಲ್ಲಿ ಪಾದಪೂಜೆ. ಅಯ್ಯನವರು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಲಿಂಗಪೂಜೆ ಮುಗಿಸಬೇಕು. ಆಮೇಲೆ ಹಿತ್ತಾಳೆ ಪರಾತದಲ್ಲಿ ಪಾದ ಇಡಬೇಕು. ಮನೆಯವರು ಆ ಪಾದ ತೊಳೆದು, ಆ ನೀರನ್ನೇ ಪಾದೋದಕವೆಂದು ಕುಡಿಯಬೇಕು. ಆ ಮನೆಗಳ ಜೋಳವೇ ಮಠದ ಹಗೇವಿನ ಜೋಳ. ರೇವಣಸಿದ್ಧಯ್ಯನವರ ಕಣ್ಣಿಗೆ ಪೊರೆ ಬಂದ ಮೇಲೆ ಮಣೆಯ ಮೇಲೆ ಕೂಡುವವನು ಮಗ ಒಬ್ಬನೇ. ರಕ್ತಭೇದಿಯವನ ಕಾಲು ತೊಳೆದ ನೀರನ್ನು ಯಾರು ಕುಡಿದಾರು?

ತಮಾಷೆ ಎಂದರೆ, ಲಿಂಗವಂತರಿಗೆ ಸೂತಕವಿಲ್ಲ, ರಕ್ತದ ಮೈಲಿಗೆಯೂ ಇಲ್ಲ, ಎಂಜಲಿನ ಮೈಲಿಗೆಯೂ ಇಲ್ಲ ಎಂದು ನಲವತ್ತು ವರ್ಷ ಊರಿಗೆಲ್ಲ ಸಾರಿದವರು ಇದೇ ಮುದುಕರು. ಬಾಣಂತಿಯ ಮನೆಯಲ್ಲಿ ಅಂದೇ ಕೂತು ಉಂಡು ತೋರಿಸಿದವರು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಹೊಟ್ಟೆಯನ್ನು ಮುಚ್ಚಿಡಬಹುದು, ಕೀಲನ್ನು ಮುಚ್ಚಿಡಲಾಗದು. ಎರಡನೆಯ ವರ್ಷಕ್ಕೆ ಮಹಾದೇವಯ್ಯನ ಹಿಮ್ಮಡಿಯ ಕೀಲು ಬಾತಿತು, ಆಮೇಲೆ ಮೊಣಕಾಲು. ಮೂರನೆಯ ವರ್ಷ ಬೆನ್ನು ಹಿಡಿಯಿತು. ಬೆಳಿಗ್ಗೆ ಏಳುವಾಗ ನೊಗ ಕಟ್ಟಿದ ಹಾಗೆ ನೆಟ್ಟಗಾಗಿರುತ್ತಿದ್ದ. ಇಂದುಬಾಯಿ ಬಿಸಿನೀರು ಹಾಕಿ ತಿಕ್ಕಿದ ಮೇಲೆಯೇ ಬಗ್ಗುತ್ತಿದ್ದ. ಊರವರಿಗೆ ವಾಯು ಎಂದು ಹೇಳಿದರು. ಊರವರು ಬಿಳಿ ಎಕ್ಕೆಯ ಎಲೆ ತಂದುಕೊಟ್ಟರು, ಔಡಲೆಣ್ಣೆ ತಂದುಕೊಟ್ಟರು. ಹೊಟ್ಟೆಯ ಬೇನೆ ಬೇರೆ, ಕಾಲಿನ ಬೇನೆ ಬೇರೆ ಎಂದೇ ಮನೆಯವರೂ ತಿಳಿದಿದ್ದರು. ಶನಿ ಹೆಗಲೇರಿದಾಗ ಎರಡು ಬೇನೆ ಕೂಡಿ ಬರುವುದು ಯಾವ ದೊಡ್ಡ ಮಾತು?

ಶ್ರಾವಣ ಇನ್ನೊಂದು ತಿಂಗಳಿದೆ ಎನ್ನುವಾಗ ಅವನಿಗೆ ಮಣೆಯ ಮೇಲೆ ಕೂಡುವುದೇ ಆಗದಾಯಿತು. ಆಗ ಉದಗೀರಿಗೆ ಹೊರಟರು. ನಿಜಾಮನ ಕಾಲದಲ್ಲಿ ಎಲ್ಲದಕ್ಕೂ ಬೀದರಿಗೆ ಹೋಗುತ್ತಿದ್ದರು; ಈಗ ಎರಡು ವರ್ಷದಿಂದ ಬೀದರು ಮೈಸೂರು ರಾಜ್ಯದಲ್ಲಿ, ತಾವು ಮುಂಬಯಿ ರಾಜ್ಯದಲ್ಲಿ. ಉದಗೀರಿನಲ್ಲಿ ದಿಗಂಬರರಾವ ಎಂಬ ಡಾಕ್ಟರರು ತಮ್ಮ ಮನೆಯಲ್ಲೇ ದವಾಖಾನೆ ಇಟ್ಟಿದ್ದರು. ಮರಾಠಿಯವರು, ಕನ್ನಡವೂ ಬರುತ್ತಿತ್ತು. ಮುದುಕರು, ಮಗ, ಸೊಸೆ ಮೂವರೂ ಮೋಟಾರಿನಲ್ಲಿ ಹೋಗಿ ಅವರ ಮುಂದೆ ಕೂತರು.

ಡಾಕ್ಟರರು ಮೊಣಕಾಲು ಒತ್ತಿದರು, ಬೆನ್ನು ಬಗ್ಗಿಸಿ ನೋಡಿದರು. ಆಮೇಲೆ ಏನೋ ನೆನಪಾದವರಂತೆ ಕೇಳಿದರು.

"ಪೋಟ ಕಸಂ ಆಹೇ? ಹೊಟ್ಟಿ ಹೆಂಗದ? ಭೇದಿ, ರಕ್ತ, ಏನಾರ?"

ಮಹಾದೇವಯ್ಯ ಅಪ್ಪನ ಮುಖ ನೋಡಿದ. ಅಪ್ಪ ಇರುವಲ್ಲಿ ಬಾಯಿ ತೆರೆದು ಅವನಿಗೆ ರೂಢಿಯೇ ಇರಲಿಲ್ಲ.

"ಹೊಟ್ಟಿ ಭೇಷ್ ಅದರಿ. ಕಲ್ಲ ತಿಂದ್ರೂ ಕರಗತದ," ಎಂದರು ರೇವಣಸಿದ್ಧಯ್ಯ.

ಡಾಕ್ಟರರಿಗೆ ಪೂರಾ ನಂಬಿಕೆ ಬರಲಿಲ್ಲವೇನೋ, ಇಂದುಬಾಯಿಯ ಕಡೆ ತಿರುಗಿದರು. "ಬಾಯೀ, ಅಡಗಿ ಮಾಡವರು ನೀವು. ಖರೇ ಏನು?"

ಇಂದುಬಾಯಿ ಸೆರಗು ಮುಂದಕ್ಕೆಳೆದುಕೊಂಡು ತಲೆ ಆಡಿಸಿದಳು. ಹೌದು ಎಂದು. ಅಷ್ಟೇ ಅವಳು ಮಾಡಿದ್ದು. ಆಮೇಲೆ ಬದುಕಿರುವವರೆಗೂ ಆ ತಲೆ ಆಡಿಸಿದ್ದು ಅವಳ ಕೊರಳು ಬಿಡಲಿಲ್ಲ.

ಹಾಗಾದರೆ ಗಟ್ಟಿ ಗುಳಿಗೆಯನ್ನೇ ಕೊಡಬಹುದು, ಇದು ಹೊಟ್ಟೆಗೆ ಉರಿ, ಆದರೆ ನಿಮ್ಮ ಹೊಟ್ಟೆ ಗಟ್ಟಿ ಇದೆಯಲ್ಲ ಎಂದು ಡಾಕ್ಟರರು ಬಿಳಿ ಗುಳಿಗೆಗಳ ಒಂದು ಸೀಸೆ ಕೊಟ್ಟರು. ದಿನಕ್ಕೆ ಮೂರು ಸಲ, ಊಟವಾದ ಮೇಲೆ.

ಗುಳಿಗೆ ನಾಟಿತು. ವಾರದೊಳಗೆ ಮೊಣಕಾಲಿನ ಬಾವು ಇಳಿಯಿತು. ಮಹಾದೇವಯ್ಯ ಗೋಡೆ ಹಿಡಿಯದೆ ಎದ್ದು ನಿಂತ ದಿನ ಅತ್ತೆ ಜಗದೇವಿ ಸಜ್ಜಕದ ಹೋಳಿಗೆ ಮಾಡಿ, ಕಂಡವರಿಗೆಲ್ಲ ಉದಗೀರಿನ ಡಾಕ್ಟರರ ಹೆಸರು ಹೇಳಿದಳು. ಶ್ರಾವಣದ ಮೊದಲ ಸೋಮವಾರ ಅವನು ನಾಲ್ಕು ಮನೆಗಳಲ್ಲಿ ಮಣೆಯ ಮೇಲೆ ಕೂತು ಬಂದ. ಮುದುಕರು ಕಂಬಕ್ಕೆ ಒರಗಿ ಕೂತು, ಮಗ ಹೊಸ್ತಿಲು ದಾಟಿ ಬಂದ ಹೆಜ್ಜೆಯ ಸಪ್ಪಳ ಕೇಳಿ, ಕಾಲು ಎಳೆಯುವ ಸಪ್ಪಳವಿಲ್ಲ ಎಂದು ನಕ್ಕರು.

ಆದರೆ ಹಳ್ಳದ ಲೆಕ್ಕ ಇಂದುಬಾಯಿಗೆ ಮಾತ್ರ ಗೊತ್ತಿತ್ತು. ಮೊದಲು ಒಂದು ಧೋತರ ಒಯ್ಯುತ್ತಿದ್ದವಳು ಈಗ ಎರಡು ಒಯ್ಯುತ್ತಿದ್ದಳು. ಮೊದಲು ಕಲೆ ಇರುತ್ತಿತ್ತು, ಈಗ ಬಟ್ಟೆಯೇ ತೊಯ್ದಿರುತ್ತಿತ್ತು. ರೊಟ್ಟಿ ತಟ್ಟುತ್ತಾ ಅತ್ತೆಯ ಮುಂದೆ ಬಾಯಿ ತೆರೆದಳು.

"ಅತ್ತೀ, ಗುಳಿಗಿ ಸುರು ಆದಾಗಿಂದ ರಕ್ತ ಭಾಳ ಹೊಂಟದರಿ. ಡಾಕ್ಟರಗ ಖರೇ ಹೇಳೂಣು."

"ಏನಂತ ಹೇಳತಿ? ಆವತ್ತ ತಲಿ ಆಡಸಿದಾಕಿ ನೀನೇ ಅಲ್ಲೇನು?"

"ಮಾವನವರು ಅಂದ್ರು ಅಂತ ಆಡಸಿದ್ನಿರಿ."

"ಮತ್ತ ಈಗೂ ಅವರೇ ಅನ್ನಲಿ ತಡಿ. ಮಗ ಎದ್ದು ಅಡ್ಡಾಡಲಿಕತ್ಯಾನ, ನಿನಗ ಕಣ್ಣಾಗ ಚುಚ್ಚತದೇನು?" ಎಂದು ಜಗದೇವಿ ಹಂಚಿನ ಮೇಲಿನ ರೊಟ್ಟಿಯನ್ನು ತಾನೇ ತಿರುವಿದಳು. ಅದು ಹೊತ್ತಿತ್ತು.

ಮುದುಕಿ ಕೆಟ್ಟವಳಲ್ಲ. ಮೂರು ಮಕ್ಕಳನ್ನು ಹೂತು ಉಳಿದ ಒಬ್ಬ ಮಗನನ್ನು ಕಣ್ಣೆದುರಿಗೆ ನಡೆದಾಡಿಸಿದ ಗುಳಿಗೆಯನ್ನು ಆಕೆ ದೇವರೆಂದು ನಂಬಿದ್ದಳು. ದೇವರ ಮೇಲೆ ಸಂಶಯ ತರುವವರನ್ನು ಯಾರು ಮೆಚ್ಚುತ್ತಾರೆ?

ಮನೆಯ ಸಿಟ್ಟೆಲ್ಲ ಆ ತಿಂಗಳು ಗುಂಡಮ್ಮನ ಮೇಲೆ ಹರಿಯಿತು. ಗುಂಡಮ್ಮ ಬಕ್ಕಪ್ಪನ ತಾಯಿ. ನಾಲ್ಕು ಜೋಡಿ ದೇವಣಿ ಎತ್ತು ಕಟ್ಟಿದ ಮನೆ, ಶಿಷ್ಯರೊಳಗೆ ಮೊದಲ ಮನೆ. ಅಂಥ ಮನೆಯಲ್ಲಿ ಪಾದಪೂಜೆಯ ದಿನ ಉಳಿದವರಿಗೆಲ್ಲ ಹುಗ್ಗಿ, ತುಪ್ಪ. ಅಯ್ಯನವರ ತಾಟಿಗೆ ಮಾತ್ರ ಮೆತ್ತಗೆ ಬೇಯಿಸಿದ ಮಜ್ಜಿಗೆ ಅನ್ನ. ಖಾರವಿಲ್ಲ, ಒಗ್ಗರಣೆಯಿಲ್ಲ. ಎರಡು ವರ್ಷದಿಂದ ಹೀಗೆಯೇ. ಈಗೀಗ ಅದು ಸಾಲದೆಂದು, ನಡುನಡುವೆ ಒಂದು ಗಡಿಗೆಯಲ್ಲಿ ಅದನ್ನೇ ಮಠಕ್ಕೂ ಕಳಿಸತೊಡಗಿದ್ದಳು.

"ಗುರುಗಳಿಗಿ ಗಂಜಿ ಕಳಸತಾಳ. ನಾವೇನು ಅವರ ಮನ್ಯಾಗಿನ ಬಾಣಂತೇರೇನು?" ಎಂದು ಜಗದೇವಿ ಗಡಿಗೆಯನ್ನು ಒಯ್ದು ಎಮ್ಮೆ ನೀರು ಕುಡಿಯುವ ಕಲ್ಲಿನ ದೋಣಿಗೆ ಸುರಿಯುತ್ತಿದ್ದಳು. ಉಳ್ಳವರ ಜಿಪುಣತನ ಇದು, ಬಕ್ಕಪ್ಪನಿಗೆ ಒಂದು ಮಾತು ಹೇಳಬೇಕು ಎಂದು ಮುದುಕರು ಹಲ್ಲು ಕಡಿಯುತ್ತಿದ್ದರು. ಇಂದುಬಾಯಿಗೂ ಅದು ಅವಮಾನವೆಂದೇ ಅನಿಸಿತ್ತು. ಮಹಾದೇವಯ್ಯ ಒಬ್ಬನೇ ಒಂದು ಸಲ, ಅದು ಹೊಟ್ಟೆಗೆ ತಂಪಾಗಿತ್ತು ಎಂದ. ಹೊಟ್ಟೆಯ ಹೆಸರು ತೆಗೆಯಬೇಡ ಎಂದು ತಾಯಿ ಗದರಿದಳು.

ಉಳಿದ ಮನೆಗಳಲ್ಲಿ ಹಾಗಿರಲಿಲ್ಲ. ಹುಗ್ಗಿ, ಕೆಂಪು ಖಾರದ ಹಿಂಡಿ, ಎಣ್ಣೆಗಾಯಿ ಬದನೆಕಾಯಿ ಎಲ್ಲವೂ ತಾಟಿಗೆ ಬೀಳುತ್ತಿದ್ದವು. ಗುರು ಬೇಡ ಎನ್ನುವಂತಿಲ್ಲ, ಪ್ರಸಾದ ಬಿಡುವಂತಿಲ್ಲ. ಉಂಡ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಅದನ್ನೂ ಕುಡಿಯಬೇಕು. ಮಹಾದೇವಯ್ಯ ಕುಡಿದು ಬರುತ್ತಿದ್ದ. ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಹಣೆ ಹಚ್ಚುತ್ತಿದ್ದ.

ಶ್ರಾವಣದ ಮೂರನೆಯ ವಾರ ಗುಳಿಗೆಯ ಗುಣ ಕಡಿಮೆಯಾಯಿತು. ಬೆನ್ನು ಮತ್ತೆ ಹಿಡಿಯಿತು, ಈಗ ಕೊರಳೂ ತಿರುಗದು. ಹಿಂದಿನಿಂದ ಕರೆದರೆ ಇಡೀ ಮೈ ತಿರುಗಿಸಬೇಕು. ಮುದುಕರು ದಿನಕ್ಕೆ ಮೂರು ಗುಳಿಗೆಯನ್ನು ಐದು ಮಾಡಿಸಿದರು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಗನ ಕಾಲು ಅಡ್ಡ ಚಾಚಿದ್ದು ಅವರ ಕೈಗೆ ತಾಗಿತು. ಊಟದ ಮುಂದೆ ಸರಿಯಾಗಿ ಕೂಡು, ರೂಢಿ ತಪ್ಪಿದರೆ ಕೀಲು ಹಾಗೇ ಕೂತುಬಿಡುತ್ತವೆ ಎಂದರು.

ಮಹಾದೇವಯ್ಯ ನಕ್ಕ. ಅವನು ನಕ್ಕದ್ದನ್ನು ಇಂದುಬಾಯಿ ಬಹಳ ದಿನದಿಂದ ನೋಡಿರಲಿಲ್ಲ.

"ಅಪ್ಪಾ, ಈಗೇ ಮಡಚಿ ಇಟ್ಟಬಿಡ್ರಿ ನನ್ನ. ಸತ್ತ ಮ್ಯಾಲ ಕುಣ್ಯಾಗ ಕೂಡಸಲಿಕ್ಕ ನಿಮಗ ತ್ರಾಸ ಆಗತದ."

ಊರಿನ ಅರ್ಧ ಹೆಣಗಳನ್ನು ಪದ್ಮಾಸನ ಹಾಕಿಸಿ ಕೂಡಿಸಿದವರು ರೇವಣಸಿದ್ಧಯ್ಯ. ಹೊತ್ತು ಮೀರಿದ ಹೆಣದ ಮೊಣಕಾಲು ಹೇಗೆ ಮಡಚುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಕೈಯೊಳಗಿನ ತುತ್ತು ತಾಟಿಗೆ ಇಳಿಯಿತು. ಅಂದು ಅವರು ಪ್ರಸಾದ ಬಿಟ್ಟು ಎದ್ದರು. ಆದರೂ ಮರುದಿನ ಮತ್ತೆ ಐದೇ ಗುಳಿಗೆ.

ಶ್ರಾವಣದ ಕಡೆಯ ಸೋಮವಾರ ಬಕ್ಕಪ್ಪನ ಮನೆಯ ಪಾದಪೂಜೆ. ಮಠದವರೆಲ್ಲ ಹೋಗಿದ್ದರು. ಮಹಾದೇವಯ್ಯ ಹೇಗೋ ಕಾಲು ಮಡಚಿ ಕೂತು ಪೂಜೆ ಮುಗಿಸಿದ. ಗುಂಡಮ್ಮ ಅವನ ಪಾದ ತೊಳೆದಳು, ಬಾವು ಇದ್ದಲ್ಲಿ ಬೆರಳು ಹಗುರ ಮಾಡಿ ತೊಳೆದಳು, ನೀರು ಕುಡಿದು ಮನೆಯವರಿಗೆಲ್ಲ ಕೊಟ್ಟಳು. ಅವನು ಏಳಹೋದ. ಮೊಣಕಾಲು ಏಳಲಿಲ್ಲ. ಮಣೆಯಿಂದ ಪಕ್ಕಕ್ಕೆ ಉರುಳಿದ. ಮಣೆಯ ಎತ್ತರ ನಾಲ್ಕು ಬೆರಳು. ಅಂಗಳದಲ್ಲಿ ಆಡುವ ಮಕ್ಕಳು ಅದಕ್ಕಿಂತ ಎತ್ತರದಿಂದ ದಿನಕ್ಕೆ ಹತ್ತು ಸಲ ಬೀಳುತ್ತಾರೆ. ಆದರೆ ಒಣ ತೊಗರಿಕಟ್ಟಿಗೆ ಮುರಿದಂಥ ಸಪ್ಪಳ ಅಡುಗೆಮನೆಯವರೆಗೂ ಕೇಳಿತು. ತೊಡೆಯ ಎಲುಬು ಮುರಿದಿತ್ತು.

ಬಕ್ಕಪ್ಪ ತಾನೇ ಬಂಡಿ ಹೂಡಿದ. ಹುಲ್ಲು ಹಾಸಿ ಮಲಗಿಸಿ, ಮುದುಕರನ್ನೂ ಇಂದುಬಾಯಿಯನ್ನೂ ಹತ್ತಿಸಿಕೊಂಡು, ಎತ್ತು ಓಡಿಸದೆ ಮೆಲ್ಲಗೆ ನಡೆಸಿದ. ಉದಗೀರು ಮುಟ್ಟುವಷ್ಟರಲ್ಲಿ ಮರುದಿನದ ಬಿಸಿಲೇರಿತ್ತು. ಡಾಕ್ಟರರು ತೊಡೆ ನೋಡಿದರು, ಎಷ್ಟು ಎತ್ತರದಿಂದ ಬಿದ್ದದ್ದು ಎಂದು ಕೇಳಿದರು. ಕಣ್ಣ ರೆಪ್ಪೆ ಎಳೆದು ನೋಡಿದರು. ಒಳಗೆ ಸುಣ್ಣದ ಬಿಳುಪು. ಬಕ್ಕಪ್ಪನನ್ನು ಹೊರಗೆ ಕೂಡಲು ಹೇಳಿ ಬಾಗಿಲು ಮುಂದಕ್ಕೆ ಮಾಡಿದರು. ಇಷ್ಟು ರಕ್ತ ಎಲ್ಲಿ ಹೋಯಿತು ಎಂದು ಕೇಳಿದಾಗ ಮುದುಕರು, ಗೊತ್ತಿಲ್ಲ, ಎಂದರು.

"ಗೊತ್ತದರಿ," ಎಂದಳು ಇಂದುಬಾಯಿ. "ಮೂರು ವರ್ಷದಿಂದ ಹೊಟ್ಯಾಗಿಂದ ಹೋಗಲಿಕತ್ತದ. ಗುಳಿಗಿ ತಗೊಂಡ ಮ್ಯಾಲ ಎರಡ ಪಟ್ಟ ಆಗ್ಯದ. ನಾನೇ ತೊಳೀತೀನ್ರಿ. ಆವತ್ತ ನಾ ಸುಳ್ಳ ತಲಿ ಆಡಸಿದೆ."

ಡಾಕ್ಟರರು ಮೇಜಿನ ಮೇಲಿನ ಗುಳಿಗೆಯ ಸೀಸೆಯನ್ನು ತೆಗೆದು ಕಪಾಟಿನಲ್ಲಿ ಇಟ್ಟರು, ಮತ್ತೆ ಹೊರಗೆ ತೆಗೆದರು. ಆಮೇಲೆ ಹೇಳಿದರು.

"ಎರಡು ಬ್ಯಾನಿ ಅಲ್ಲ ಇವು. ಒಂದೇ. ಕರಳಿನಾಗ ಹುಣ್ಣಾದವರಿಗಿ ಕೆಲವರಿಗಿ ಕೀಲು ಹಿಡಿತದ, ಬೆನ್ನ ಹಿಡಿತದ. ಉಂಡದ್ದು ಮೈಗಿ ಹತ್ತಂಗಿಲ್ಲ, ಎಲುವು ಪೊಳ್ಳಾಗತದ. ಅದಕ್ಕೇ ನಾ ಕೇಳಿದ್ದು. ಹೊಟ್ಟಿ ಕೆಟ್ಟದಂತ ಅಂದಿದ್ರ ಈ ಗುಳಿಗಿ ನಾ ಮುಟ್ಟಸತಿದ್ದಿಲ್ಲ."

ಮುದುಕರು ಕೈ ಮುಗಿದು, ಈಗ ಇಲಾಜು ಮಾಡಿ ಎಂದರು. ಈಗ ಏನು ಮಾಡಲಿ ಎಂದರು ಡಾಕ್ಟರರು. ಎಲುಬು ಕೂಡಿಸುವುದಕ್ಕೆ ಮೈಯಲ್ಲಿ ರಕ್ತವಿಲ್ಲ, ಸೋಲಾಪುರಕ್ಕೆ ಒಯ್ಯೋಣವೆಂದರೆ ದಾರಿ ತಡೆಯುವ ಜೀವವಲ್ಲ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಬಂದಿದ್ದರೆ ಇಂದುಬಾಯಿಗೆ ಎಷ್ಟೋ ಹಗುರಾಗುತ್ತಿತ್ತು. ತೊಡೆಗೆ ಬಿದಿರಿನ ದಬ್ಬೆ ಕಟ್ಟಿದರು, ಕೆಂಪು ಔಷಧ ಒಂದಿಷ್ಟು ಕೊಟ್ಟರು, ಖಾರ ಬಿಡಿಸಿ, ಮೆತ್ತಗಿನ ಅನ್ನ ಮಜ್ಜಿಗೆ ಕೊಡಿ ಎಂದು ಹೇಳಿದರು. ಇಂದುಬಾಯಿ ಆ ಮಾತು ಕೇಳಿ ಒಂದು ಗಳಿಗೆ ಏನೋ ನೆನಪಾದವಳಂತೆ ನಿಂತಳು. ಅಷ್ಟರಲ್ಲಿ ಮುದುಕರು ಅವಳ ಕೈ ಹಿಡಿದು, ಬಂಡಿ ಹತ್ತುವ ಮೊದಲೇ ಕಿವಿಯಲ್ಲಿ ಹೇಳಿದರು.

"ಬಕ್ಕಪ್ಪಗ ಕೇಳಿಸಿಲ್ಲ. ಬರೇ ಎಲುವು ಮುರದದ ಅಂತ ಹೇಳು."

ಭಾದ್ರಪದ ಹೋಯಿತು, ನವರಾತ್ರಿ ಹೋಯಿತು. ಮಹಾದೇವಯ್ಯ ಪಡಸಾಲೆಯ ಹೊರಸಿನ ಮೇಲೆ ಮಲಗಿಯೇ ಇದ್ದ. ಎಲುಬು ಕೂಡಲಿಲ್ಲ. ರಕ್ತ ಕಡಿಮೆಯಾಯಿತು, ಹೋಗುವುದಕ್ಕೆ ಒಳಗೆ ಉಳಿದದ್ದೇ ಕಡಿಮೆ. ಬೆನ್ನಿನ ಮೂಳೆಗಳನ್ನು ಇಂದುಬಾಯಿ ಒಂದೊಂದಾಗಿ ಎಣಿಸಬಹುದಿತ್ತು. ಜಗದೇವಿ ಈಗ ಮಾತು ಬಿಟ್ಟಿದ್ದಳು. ತಾನೇ ಅಕ್ಕಿ ಮೆತ್ತಗೆ ಬೇಯಿಸಿ ಮಗನ ಬಾಯಿಗೆ ಹಿಡಿಯುತ್ತಿದ್ದಳು. ಅವನು ಬಾಯಿ ಆ ಕಡೆ ತಿರುಗಿಸಲೂ ಆಗದೆ, ತುಟಿ ಬಿಗಿ ಹಿಡಿಯುತ್ತಿದ್ದ.

ಊರವರು ಜೋಳ ಕಳಿಸುವುದು ನಿಲ್ಲಿಸಲಿಲ್ಲ. ಚೀಲ ಬಂದಾಗಲೆಲ್ಲ ಮುದುಕರು, ಮಗ ದೀಪಾವಳಿಗೆ ಏಳುತ್ತಾನೆ, ಹಬ್ಬದ ಪಾದಪೂಜೆಗೆ ಬರುತ್ತಾನೆ ಎಂದು ತಂದವರಿಗೆ ಹೇಳುತ್ತಿದ್ದರು. ಅದನ್ನು ಕೇಳಿ ಕೇಳಿ ಇಂದುಬಾಯಿಗೆ ಸಾಕಾಯಿತು. ಏಳದವನನ್ನು ಏಳುತ್ತಾನೆಂದು ಹೇಳಿ ಉಣ್ಣುವ ಜೋಳ ಗಂಟಲಲ್ಲಿ ಇಳಿಯದಾಯಿತು. ನರಕ ಚತುರ್ದಶಿಯ ಹಿಂದಿನ ದಿನ ಆಕೆ ಯಾರನ್ನೂ ಕೇಳದೆ ಬಕ್ಕಪ್ಪನ ಮನೆಗೆ ಹೋದಳು. ಲಿಂಗ ಮುಟ್ಟಿ ಮಾಡಿದ ಆಣೆ ಮುರಿಯಲು ಹೊರಟಿದ್ದಳು.

ಗುಂಡಮ್ಮ ಅಂಗಳದಲ್ಲಿ ಕಡಲೆ ಕೇರುತ್ತಿದ್ದಳು. ಎದ್ದು ಶರಣಾರ್ಥಿ ಹೇಳಿ ಕಂಬಳಿ ಹಾಸಲು ಹೋದಳು. ಇಂದುಬಾಯಿ ನಿಂತೇ ಹೇಳಿದಳು. ಬೇರೆ ಗುರುಗಳನ್ನು ನೋಡಿಕೊಳ್ಳಿ, ನಮ್ಮವರು ಇನ್ನು ಏಳುವುದಿಲ್ಲ, ಮೂರು ವರ್ಷದಿಂದ ಹೊಟ್ಟೆಯಿಂದ ರಕ್ತ ಹೋಗುತ್ತಿತ್ತು, ನಿಮಗೆ ಹೇಳದೆ ಅವರ ಪಾದದ ನೀರು ಕುಡಿಸಿದ್ದೇವೆ, ತಪ್ಪಾಯಿತು ಎಂದಳು.

ಗುಂಡಮ್ಮ ಮೊರ ಕೆಳಗಿಟ್ಟಳು.

"ನನಗ ಗೊತ್ತದವ್ವಾ."

ಇಂದುಬಾಯಿಗೆ ತಿಳಿಯಲಿಲ್ಲ.

"ಎರಡು ವರ್ಷ ಆತು. ಶ್ರಾವಣದಾಗ ಅಯ್ಯನೋರು ಎದ್ದು ಹೋದ ಮ್ಯಾಲ ಮಣಿ ಮ್ಯಾಲ ರಕ್ತದ ಕಲಿ ಇತ್ತು. ನಾನೇ ಸೆರಗಿಲೆ ಒರಸಿದೆ. ಬಕ್ಕಪ್ಪಗೂ ಗೊತ್ತದ, ಓಣಿಯಾಗ ನಾಕ ಮನೀಗೂ ಗೊತ್ತದ. ನೀವು ಹೇಳಲಿಲ್ಲ, ಗುರುಗಳ ಮನಿ ಮಾತು ನಾವು ಹೆಂಗ ಕೇಳಬೇಕು? ಖಾರ ಬಿಡಸಿ ಮಜ್ಜಿಗಿ ಅನ್ನ ಮಾಡಿ ಹಾಕಿದೆ. ನನ್ನ ಕೈಲೆ ಆದದ್ದು ಅಷ್ಟೇ."

"ಗೊತ್ತಿದ್ದೂ ನೀರ ಕುಡದ್ರೇನು?" ಎಂದು ಇಂದುಬಾಯಿ ಕೇಳಿದಳು.

"ಯಾಕ ಕುಡೀಬಾರದು? ಲಿಂಗವಂತರಿಗಿ ಸೂತಕ ಇಲ್ಲಂತ ನಿಮ್ಮ ಮಾವನವರೇ ಹೇಳ್ಯಾರಲ್ಲ," ಎಂದಳು ಗುಂಡಮ್ಮ. ಅದರಲ್ಲಿ ಕೊಂಕಿರಲಿಲ್ಲ. ಆಕೆ ಅದನ್ನು ನಂಬಿದ್ದಳು.

ಇಂದುಬಾಯಿ ಕಡಲೆಯ ರಾಶಿಯ ಪಕ್ಕದಲ್ಲೇ ಕುಸಿದು ಕೂತು ಅತ್ತಳು. ಗುಂಡಮ್ಮ ತಡೆಯಲಿಲ್ಲ. ಅಳು ನಿಂತ ಮೇಲೆ ಒಳಗೆ ಹೋಗಿ ಗಡಿಗೆಯೊಂದನ್ನು ತಂದು ಅವಳ ಕೈಗೆ ಕೊಟ್ಟಳು.

ಮನೆಗೆ ಬಂದು ಇಂದುಬಾಯಿ ಪಡಸಾಲೆಯಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ನಡೆದದ್ದನ್ನು ಹೇಳಿದಳು. ಜಗದೇವಿ ಗಡಿಗೆಯನ್ನು ನೋಡಿದಳು, ಹಿತ್ತಲಿನ ಎಮ್ಮೆಯ ದೋಣಿಯ ಕಡೆ ನೋಡಿದಳು, ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಹೋದಳು. ರೇವಣಸಿದ್ಧಯ್ಯನವರ ಪೊರೆಬಂದ ಕಣ್ಣು ಸೊಸೆಯ ದನಿ ಬಂದ ಕಡೆ ತಿರುಗಿತು.

"ಅವರಿಗಿ ಯಾರು ಹೇಳಿದ್ರು?" ಎಂದು ಕೇಳಿದರು.

"ಯಾರೂ ಹೇಳಿಲ್ರಿ. ಸೂತಕ ಇಲ್ಲಂತ ನೀವು ಹೇಳಿದ್ದನ್ನ ಅವರು ಖರೇ ಅಂತ ತಿಳದಿದ್ರು, ಅಷ್ಟೇ."

ಮುದುಕರು ಕೊರಳಲ್ಲಿಯ ಲಿಂಗವನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತರು.

ಹೊರಸಿನ ಮೇಲಿಂದ ಮಹಾದೇವಯ್ಯ ಕರೆದ. ಕೊರಳು ತಿರುಗದು, ಮಾಳಿಗೆಯ ಜಂತಿ ನೋಡುತ್ತಲೇ ಕೇಳಿದ. "ಇಂದೂ, ಗಡಗ್ಯಾಗ ಅದೇ ಅನ್ನ ಏನು?"

ಹೌದು ಎಂದಳು. ಈ ಸಲ ತಲೆ ಆಡಿಸಲಿಲ್ಲ, ಬಾಯಿಬಿಟ್ಟು ಹೇಳಿದಳು. ಪಕ್ಕದಲ್ಲಿ ಕೂತು, ಬೆರಳಿನಿಂದ ಕಿವುಚಿ, ಒಂದು ತುತ್ತು ಬಾಯಿಗೆ ಇಟ್ಟಳು. ಅವನು ಬಾಯಿ ತೆರೆದ. ಎರಡನೆಯದನ್ನೂ ತಿಂದ. ತಂಪ ಅದ ಎಂದ. ಮೂರನೆಯ ತುತ್ತು ಒಳಗೆ ಹೋಗಲಿಲ್ಲ, ತುಟಿಯ ಅಂಚಿನಿಂದ ಇಳಿದು ದಿಂಬಿಗೆ ಬಿತ್ತು. ಇಂದುಬಾಯಿ ಅದನ್ನು ಸೆರಗಿನಿಂದ ಒರೆಸಿದಳು.